ಮಣ್ಣಿನ ನಾಡಿನ ಇಟ್ಟಿಗೆಯ ದೇವಾಲಯಗಳು

(ಸಭಾಹಿರಿಯರಿಗೂ ಶಾಲೋಪಾಧ್ಯಾಯರಿಗೂ ಒಂದು ಪಾಠ)

ಆದಿಕಾಂಡದ 11ನೆಯ ಅಧ್ಯಾಯವನ್ನು ಓದಿದ ವಾಚಕರಿಗೆ ಶಿನಾರ್ ದೇಶದ ಬೈಲಿನಲ್ಲಿ ನೆಲಸಿದ ಜನರು ಇಟ್ಟಿಗೆಗಳನ್ನು ಸುಟ್ಟು ಕಟ್ಟೋಣಕ್ಕೆ ಕೈಹಾಕಿದ ಸಂಗತಿಯು ಗೊತ್ತೇ ಇದೆ. ಆ ಕಥೆಯನ್ನು ಬೋಧಿಸುವಾಗ ನಾವು ಸಾಮಾನ್ಯವಾಗಿ ಅವರ ಗರ್ವವನ್ನು ಕುರಿತು ಮಾತಾಡುತ್ತೇವೆಯೇ ಹೊರತು ಅವರು ಕಲ್ಲನ್ನು ಬಿಟ್ಟು ಇಟ್ಟಿಗೆಯನ್ನು ಯಾಕೆ ಹಿಡಿದರೆಂದು ವಿಚಾರಿಸುವದಿಲ್ಲ. ಕಾರಣವು ಸರಳವಾದದ್ದು. ದೊಡ್ಡ ನದಿಗಳು ಹೊತ್ತು ತಂದು ಹಾಸಿದ ಮಣ್ಣಿನ ಮೇಲೆ ವಾಸಿಸುವವರಿಗೆ ಕಲ್ಲು ದೊರೆಯುವದಿಲ್ಲ. ಅವರ ಕಾಲ ಕೆಳಗೆ ಎಷ್ಟು ಅಗೆದರೂ ಮಣ್ಣೇ. ಯೂರೋಪ್ ಖಂಡದಲ್ಲಿ ಇಂಥ ನಾಡು ಯಾವದೆಂದರೆ ಡಚ್ಚರ ದೇಶವಾದ ನೆದರ್ಲೆಂಡ್ಸ್. ಅದರ ಈಶಾನ್ಯದ ಮೂಲೆಯಲ್ಲಿ, ಉತ್ತರ ಸಮುದ್ರದ ತೀರದಲ್ಲಿ, ಗ್ರೋನಿಂಗನ್ ಎಂಬ ಪ್ರಾಂತವಿದೆ. ಅಲ್ಲಿಯ ಹಳ್ಳಿಹಳ್ಳಿಗಳಲ್ಲಿ ಏಳು ಎಂಟು ನೂರು ವರುಷಗಳಷ್ಟು ಹಳೆಯವಾದ ಇಟ್ಟಿಗೆಯ ದೇವಾಲಯಗಳು ನೂರಕ್ಕೂ ಹೆಚ್ಚಾಗಿ ನಿಂತಿರುವವು. ಇವುಗಳನ್ನು ಕಟ್ಟಿದವರು ಅರಸರಲ್ಲ, ಬಿಷಪರ ಪಟ್ಟಣಗಳ ಐಶ್ವರ್ಯವೂ ಇವುಗಳ ಹಿಂದೆ ಇರಲಿಲ್ಲ. ಒಕ್ಕಲಿಗರ ಸಣ್ಣ ಊರುಗಳೇ ಇವುಗಳನ್ನು ಎಬ್ಬಿಸಿದವು. ಆದಕಾರಣ ಹಳ್ಳಿಯ ಸಭೆಗಳಿಗೆ ಸೇರಿದ ನಾವು ಇವುಗಳ ವೃತ್ತಾಂತವನ್ನು ಅರಿಯುವದು ಯುಕ್ತವಾಗಿದೆ.

ಈ ಪಾಠದಲ್ಲಿ ಗಮನಿಸತಕ್ಕ ಮುಖ್ಯ ಸಂಗತಿ ಒಂದೇ. ಈ ದೇವಾಲಯಗಳ ಆಕಾರವನ್ನೂ ಅಂದವನ್ನೂ ನಿರ್ಣಯಿಸಿದ್ದು ಅವುಗಳ ಕೆಳಗಿರುವ ನೆಲವೇ; ನಮ್ಮ ಕಾಲದಲ್ಲಿ ಅವುಗಳಿಗೆ ಬಂದಿರುವ ಅಪಾಯವೂ ಆ ನೆಲದ ಆಳದಿಂದಲೇ ಎದ್ದು ಬಂದಿದೆ.

ಮೊದಲು ನೆಲವನ್ನು ನೋಡೋಣ. ಗ್ರೋನಿಂಗನ್ ಪಟ್ಟಣದಿಂದ ಉತ್ತರಕ್ಕೆ ಸಮುದ್ರದ ವರೆಗೆ ಹುನ್ಸಿಂಗೊ, ಫಿವೆಲಿಂಗೊ ಎಂಬ ಎರಡು ಹಳೆಯ ಸೀಮೆಗಳು ಹರಡಿರುವವು. ಅಂಗೈಯ ಹಾಗೆ ಸಮತಟ್ಟಾದ ಜೇಡಿಮಣ್ಣಿನ ಬೈಲು. ಗುಡ್ಡವೆಂಬದು ಹೆಸರಿಗೂ ಇಲ್ಲ. ಒಡ್ಡುಗಳನ್ನು ಹಾಕುವದಕ್ಕೆ ಜನರು ಕಲಿಯುವ ಮುಂಚೆ ಸಮುದ್ರವು ಉಬ್ಬರದ ಕಾಲದಲ್ಲಿ ಈ ನೆಲದ ಮೇಲೆ ಹರಿದು ಹೋಗುತ್ತಿತ್ತು. ಆಗ ನಿವಾಸಿಗಳು ಮಣ್ಣು, ಗೊಬ್ಬರ, ಕಸ ಇವುಗಳನ್ನು ತಲೆಮಾರುಗಳ ವರೆಗೆ ಗುಡ್ಡೆ ಹಾಕಿ, ಅದರ ಮೇಲೆ ಮನೆಗಳನ್ನು ಕಟ್ಟಿಕೊಂಡರು. ಈ ದಿಬ್ಬಗಳಿಗೆ ಆ ನಾಡಿನ ಭಾಷೆಯಲ್ಲಿ ‘ವೀರ್ಡ’ ಎಂದು ಹೆಸರು. ಕ್ರಿಸ್ತನು ಹುಟ್ಟುವದಕ್ಕೆ ಕೆಲವು ನೂರು ವರುಷಗಳ ಮುಂಚೆಯೇ ಇವುಗಳ ಕೆಲಸವು ಆರಂಭವಾಗಿತ್ತು. ಕ್ರೈಸ್ತಧರ್ಮವು ಅಲ್ಲಿಗೆ ಬಂದ ಮೇಲೆ ಊರವರು ದಿಬ್ಬದ ಮೇಲೆಯೇ ದೇವಾಲಯಕ್ಕೂ ಸ್ಮಶಾನಕ್ಕೂ ಸ್ಥಳ ಕೊಟ್ಟರು. 1219ರ ಜನವರಿ 16ರಂದು ಬಂದ ಭಯಂಕರವಾದ ಪ್ರವಾಹವನ್ನು ಕಣ್ಣಾರೆ ಕಂಡ ಎಮೋ ಎಂಬ ಮಠಾಧಿಪತಿಯು ಅದರ ವಿವರವನ್ನು ತನ್ನ ವೃತ್ತಾಂತಗ್ರಂಥದಲ್ಲಿ ಬರೆದಿಟ್ಟನು. ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಪರದೇಶದಿಂದ ಹೋದ ವಿದ್ಯಾರ್ಥಿಗಳಲ್ಲಿ ಹೆಸರು ತಿಳಿದಿರುವ ಮೊದಲನೆಯವನು ಈ ಎಮೋ ಎಂದು ಹೇಳುತ್ತಾರೆ.

ಇಂಥ ಮೆತ್ತನೆಯ ನೆಲದ ಮೇಲೆ ಭಾರವಾದ ಕಟ್ಟಡವನ್ನು ನಿಲ್ಲಿಸುವದು ಎಷ್ಟು ಕಷ್ಟವೆಂಬದನ್ನು ಕೆರೆಯ ಅಂಗಳದಲ್ಲಿ ಮನೆ ಕಟ್ಟಿ ನೋಡಿದವರೇ ಬಲ್ಲರು. ಮೊದಮೊದಲು ಅಲ್ಲಿಯ ದೇವಾಲಯಗಳು ಮರದವುಗಳಾಗಿದ್ದವು. ಅನಂತರ ಹಣವುಳ್ಳ ಊರುಗಳು ಜರ್ಮನಿಯ ಐಫೆಲ್ ಸೀಮೆಯಿಂದ ಒಂದು ವಿಧದ ಹಗುರವಾದ ಕಲ್ಲನ್ನು ತರಿಸಿದವು. ಅದು ಅಗ್ನಿಪರ್ವತದ ಬೂದಿಯು ಗಟ್ಟಿಯಾಗಿ ಆದ ಕಲ್ಲು. ರೈನ್ ನದಿಯಲ್ಲಿ ದೋಣಿಗಳ ಮೇಲೆ ಇಳಿದು, ಸಮುದ್ರದ ಕೊಲ್ಲಿಯನ್ನು ದಾಟಿ, ಕಾಲುವೆಗಳಲ್ಲಿ ತಿರುತಿರುಗಿ ಅದು ಊರನ್ನು ಸೇರುವಷ್ಟರಲ್ಲಿ ಅದರ ಬೆಲೆ ಎಷ್ಟಾಗುತ್ತಿತ್ತೆಂದು ವಾಚಕರೇ ಊಹಿಸಬಹುದು.

12ನೆಯ ಶತಮಾನದ ಉತ್ತರಾರ್ಧದಲ್ಲಿ ಈ ಕಷ್ಟವು ನೀಗಿತು. ಇಟ್ಟಿಗೆ ಸುಡುವ ವಿದ್ಯೆಯು ಉತ್ತರ ಯೂರೋಪಿನ ಬೈಲುಸೀಮೆಗಳಲ್ಲಿ ಹಬ್ಬತೊಡಗಿತು. ಗ್ರೋನಿಂಗನ್ ಸೀಮೆಯಲ್ಲಿ ಅದನ್ನು ಬೆಳೆಸಿದವರಲ್ಲಿ ಮಠಗಳ ಸನ್ಯಾಸಿಗಳು ಮುಖ್ಯರು. 1192ರಲ್ಲಿ ಸಿಸ್ಟರ್ಸಿಯನ್ ಪಂಗಡದವರು ಆದುವಾರ್ಡ್ ಎಂಬಲ್ಲಿ ಒಂದು ಮಠವನ್ನು ಸ್ಥಾಪಿಸಿದರು. ಅದು ಆ ನಾಡಿನಲ್ಲೆಲ್ಲಾ ದೊಡ್ಡದೆನಿಸಿತು. ಅದರ ಮಹಾದೇವಾಲಯವು 1580ರ ಯುದ್ಧಕಾಲದಲ್ಲಿ ಹಾಳಾಯಿತು. ರೋಗಿಗಳ ಶಾಲೆಯೊಂದು ಮಾತ್ರ ಉಳಿದು ಇಂದಿಗೂ ಊರಿನ ಸುಧಾರಿತ ಸಭೆಯ ದೇವಾಲಯವಾಗಿದೆ. ಎಮೋನ ಮಠವಿದ್ದ ವಿಟ್ಟೆವೀರುಮ್‌ನಲ್ಲಿ 1238ರಲ್ಲಿ ಹೊಸ ದೇವಾಲಯದ ಕೆಲಸ ತೊಡಗಿದಾಗ ಕೊಲೋನ್ ಪಟ್ಟಣದಿಂದ ಒಬ್ಬ ಮೇಸ್ತ್ರಿಯನ್ನು ಕರೆಯಿಸಿದರೆಂದೂ, ಅದರ ಪ್ರತಿಷ್ಠೆಯು 1259ರಲ್ಲಿ ನಡೆಯಿತೆಂದೂ ಎಮೋನ ತರುವಾಯ ವೃತ್ತಾಂತವನ್ನು ಮುಂದುವರಿಸಿದ ಮೆಂಕೋ ಎಂಬವನು ತಿಳಿಸುತ್ತಾನೆ. ಇಪ್ಪತ್ತೊಂದು ವರುಷಗಳ ಆ ಕೆಲಸದಲ್ಲಿ ಇಂದು ಕಾಣುವಂಥದ್ದು ಏನೂ ಉಳಿದಿಲ್ಲ. ಮಠಗಳು ಹೋದವು, ಹಳ್ಳಿಯ ದೇವಾಲಯಗಳು ಉಳಿದವು. ಇಷ್ಟಾದರೂ ಆ ಹಳೆಯ ಇಟ್ಟಿಗೆಯನ್ನು ಡಚ್ಚರು ಇಂದಿಗೂ ‘ಮಠದ ಇಟ್ಟಿಗೆ’ ಎಂದೇ ಕರೆಯುವರು.

ಆ ಇಟ್ಟಿಗೆಯ ಅಳತೆಯನ್ನು ಕೇಳಿದರೆ ನಮ್ಮ ಇಟ್ಟಿಗೆ ಕೆಲಸದವರು ಆಶ್ಚರ್ಯಪಡುವರು. ಉದ್ದ ಸುಮಾರು 12 ಅಂಗುಲ, ಅಗಲ 6 ಅಂಗುಲ, ದಪ್ಪ 3 ಅಂಗುಲಕ್ಕೂ ಮೇಲೆ. ಒಂದೊಂದು ಸುಮಾರು ಆರು ಕಿಲೋ ತೂಗುವದರಿಂದ ಅದನ್ನು ಒಂದು ಕೈಯಿಂದ ಹಿಡಿದು ಇಡುವದು ಸುಲಭವಲ್ಲ. ಊರ ಪಕ್ಕದಲ್ಲಿ ಜೇಡಿಯನ್ನು ಅಗೆದು, ತುಳಿದು ಹದಮಾಡಿ, ಮರದ ಅಚ್ಚಿನಲ್ಲಿ ಹೊಯ್ದು, ಗಾಳಿಯಲ್ಲಿ ಒಣಗಿಸಿ, ಅಲ್ಲಿಯೇ ಆವಿಗೆಯನ್ನು ಒಟ್ಟಿ ಸುಡುತ್ತಿದ್ದರು. ಕಾಡು ಅಪರೂಪವಾದ್ದರಿಂದ ಉರುವಲಾಗಿ ಜೌಗುನೆಲದ ಕರಿಹೆಂಟೆಗಳನ್ನು, ಅಂದರೆ ಕೊಳೆತ ಸಸ್ಯಗಳಿಂದಾದ ಮಣ್ಣನ್ನು ಕಡಿದು ಒಣಗಿಸಿ ಉಪಯೋಗಿಸಿದರು. ಸುಣ್ಣಕ್ಕೆ ಸಹ ಕಲ್ಲಿರಲಿಲ್ಲ. ಸಮುದ್ರದ ಚಿಪ್ಪುಗಳನ್ನು ಸುಟ್ಟು ಸುಣ್ಣಮಾಡಿದರು. ನಮ್ಮ ಕರಾವಳಿಯವರಿಗೆ ಚಿಪ್ಪಿನ ಸುಣ್ಣವನ್ನು ವಿವರಿಸಬೇಕಾದದ್ದಿಲ್ಲ. ಹೀಗೆ ಗೋಡೆಗೆ ಬೇಕಾದ ಮಣ್ಣು, ಬೆಂಕಿ, ಸುಣ್ಣ ಮೂರೂ ಆ ನಾಡಿನವೇ ಆದವು. ಜೇಡಿಯಲ್ಲಿ ಕಬ್ಬಿಣದ ಅಂಶವಿದ್ದರೆ ಇಟ್ಟಿಗೆ ಕೆಂಪಾಗುತ್ತದೆ, ಸುಣ್ಣದ ಅಂಶ ಹೆಚ್ಚಾಗಿದ್ದರೆ ಹಳದಿಗೆ ತಿರುಗುತ್ತದೆ. ಆ ದೇವಾಲಯಗಳಲ್ಲಿ ಕೆಂಪೇ ಬಹಳ.

ಗೋಡೆಯನ್ನು ಕಟ್ಟುವ ರೀತಿಯು ಹೀಗಿತ್ತು. ಹೊರಗೊಂದು ಒಳಗೊಂದು ಇಟ್ಟಿಗೆಯ ಪದರವನ್ನು ಎಬ್ಬಿಸಿ, ನಡುವಿನ ತೆರವಿನಲ್ಲಿ ಇಟ್ಟಿಗೆಯ ಚೂರುಗಳನ್ನೂ ಗಾರೆಯನ್ನೂ ತುಂಬುತ್ತಿದ್ದರು. ಪೆಟ್ಟಿಗೆಗೆ ಸಾಮಾನು ತುಂಬುವ ಹಾಗೆ ಎನ್ನಬಹುದು. ಗೋಡೆಯು ಬಹಳ ದಪ್ಪವಾಗುತ್ತಿತ್ತು, ಆದರೆ ಅದರ ಹೊಟ್ಟೆಯು ಅಷ್ಟೇನೂ ಬಲವಾದದ್ದಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಯಾಕಂದರೆ ಮುಂದೆ ಇದೇ ಸಂಗತಿಯು ತೊಂದರೆಗೆ ಕಾರಣವಾಗುವದು.

ಇನ್ನು ಶೈಲಿಯ ವಿಷಯ. 12ನೆಯ ಶತಮಾನದ ನಡುವೆ ಫ್ರಾನ್ಸ್ ದೇಶದಲ್ಲಿ ಗಾಥಿಕ್ ಎಂದು ಈಗ ಹೆಸರುಗೊಂಡಿರುವ ಕಟ್ಟುವ ವಿಧಾನವು ಹುಟ್ಟಿತು. ಪ್ಯಾರಿಸ್ ಪಟ್ಟಣದ ಬಳಿಯ ಸೇಂಟ್ ಡೆನಿಸ್ ಮಠದಲ್ಲಿ 1144ರಲ್ಲಿ ಪ್ರತಿಷ್ಠೆಯಾದ ಪೂರ್ವಭಾಗವನ್ನು ಅದರ ಮೊದಲ ಉದಾಹರಣೆಯಾಗಿ ಎಣಿಸುತ್ತಾರೆ. ಅದರ ಗುಟ್ಟು ಇಷ್ಟೇ: ಅರ್ಧಚಂದ್ರಾಕಾರದ ಕಮಾನಿಗೆ ಬದಲಾಗಿ ತುದಿ ಮೊನಚಾದ ಕಮಾನು, ಚಾವಣಿಯ ಭಾರವನ್ನು ಕೊಡೆಯ ಕಡ್ಡಿಗಳಂಥ ಏಣುಗಳ ಮೂಲಕ ಕೆಲವೇ ಕಂಬಗಳ ಮೇಲೆ ಇಳಿಸುವದು, ಆ ಕಂಬಗಳು ಹೊರಕ್ಕೆ ಬಾಗದಂತೆ ಹೊರಗಿನಿಂದ ಆನುಗೋಡೆಗಳನ್ನು ಕೊಡುವದು. ಹೀಗೆ ಮಾಡಿದರೆ ಗೋಡೆಗೆ ಭಾರ ಹೊರುವ ಕೆಲಸ ತಪ್ಪುತ್ತದೆ; ಗೋಡೆಯಿದ್ದಲ್ಲಿ ಬಣ್ಣದ ಗಾಜಿನ ಕಿಟಕಿಗಳನ್ನು ಇಡಬಹುದು; ಚಾವಣಿಯನ್ನು ಆಕಾಶಕ್ಕೆ ಏರಿಸಬಹುದು. ಆದರೆ ಇದಕ್ಕೆಲ್ಲಾ ಚೆನ್ನಾಗಿ ಕೆತ್ತಬಹುದಾದ ಕಲ್ಲೂ ಅಲುಗದ ಅಸ್ತಿವಾರವೂ ಬೇಕು. ಗ್ರೋನಿಂಗನ್‌ನ ಒಕ್ಕಲಿಗನಿಗೆ ಈ ಎರಡೂ ಇರಲಿಲ್ಲ.

ಆದಕಾರಣ ಅಲ್ಲಿಯ ಮೇಸ್ತ್ರಿಗಳು ಹೊಸ ವಿಧಾನದಿಂದ ತಮಗೆ ಒಗ್ಗುವದನ್ನು ಮಾತ್ರ ಆರಿಸಿಕೊಂಡರು. ಪಕ್ಕದ ಅಂಕಣಗಳಿಲ್ಲದ ಒಂದೇ ಉದ್ದನೆಯ ಕೋಣೆ, ಕೆಲವು ಕಡೆ ಶಿಲುಬೆಯಾಕಾರದಲ್ಲಿ ಎರಡು ತೋಳುಗಳು, ದಪ್ಪವಾದ ಗೋಡೆ, ಎತ್ತರ ಮಿತವಾದದ್ದು. ಆನುಗೋಡೆಗಳು ಬಹುಮಟ್ಟಿಗೆ ಇಲ್ಲ. ಚಾವಣಿಯೋ ಗುಮ್ಮಟದ ಹಾಗೆ ಉಬ್ಬಿರುವದು; ಅದರ ಒಳಮೈಯ ಮೇಲೆ ನಡುವಿನ ಬಿಂದುವಿನಿಂದ ಸುತ್ತಲೂ ಏಣುಗಳು ಇಳಿದು ಬರುವವು. ಕೆಳಗೆ ನಿಂತು ನೋಡುವವನಿಗೆ ಅರ್ಧಕ್ಕೆ ಕೊಯ್ದ ಕರಬೂಜದ ಹಣ್ಣನ್ನು ಬೋರಲು ಹಾಕಿದ ಹಾಗೆ ಕಾಣುವದರಿಂದ ಡಚ್ಚರು ಇದನ್ನು ಕರಬೂಜದ ಚಾವಣಿ ಎನ್ನುತ್ತಾರೆ. ಫ್ರಾನ್ಸಿನ ದೇವಾಲಯದಲ್ಲಿ ಏಣು ದುಡಿಯುತ್ತದೆ. ಇಲ್ಲಿಯೋ ಗುಮ್ಮಟವೇ ತನ್ನ ಭಾರವನ್ನು ಸುತ್ತಲೂ ಗೋಡೆಗೆ ಹಂಚುವದರಿಂದ ಏಣು ಬಹುಮಟ್ಟಿಗೆ ಅಲಂಕಾರಕ್ಕೆ ಇದೆ. ಸುಮಾರು 1225ರಿಂದ 1300ರ ವರೆಗೆ ಗ್ರೋನಿಂಗನ್‌ನಲ್ಲಿಯೂ ನೆರೆಯ ಫ್ರೀಸ್‌ಲಾಂಡ್ ಸೀಮೆಗಳಲ್ಲಿಯೂ ಬೆಳೆದ ಈ ರೀತಿಗೆ ಪಂಡಿತರು ‘ರೋಮನೋಗಾಥಿಕ್’ ಎಂಬ ಹೆಸರನ್ನು ಕೊಟ್ಟಿದ್ದಾರೆ. ಹಳೆಯ ರೋಮನೆಸ್ಕ್ ರೀತಿಗೂ ಹೊಸ ಗಾಥಿಕ್ ರೀತಿಗೂ ನಡುವಿನ ಮೆಟ್ಟಲು ಎಂದು ಅದರ ಅರ್ಥ. ನನ್ನ ಅಭಿಪ್ರಾಯದಲ್ಲಿ ಈ ಹೆಸರು ಆ ಮೇಸ್ತ್ರಿಗಳಿಗೆ ಸ್ವಲ್ಪ ಅನ್ಯಾಯವನ್ನೇ ಮಾಡುತ್ತದೆ. ಅವರು ಎಲ್ಲಿಗೂ ಹೋಗುವ ದಾರಿಯಲ್ಲಿ ನಡುವೆ ನಿಂತವರಲ್ಲ. ತಮ್ಮ ನೆಲವು ಎಷ್ಟನ್ನು ತಾಳುವದೆಂದು ಅರಿತು ಅಷ್ಟನ್ನೇ ಕಟ್ಟಿದವರು.

ಅಲಂಕಾರದ ವಿಷಯದಲ್ಲಿ ಅವರ ಜಾಣತನವು ಇನ್ನೂ ಸ್ಪಷ್ಟವಾಗಿ ಕಾಣಬರುತ್ತದೆ. ಕಲ್ಲಿನಲ್ಲಿ ಎಲೆ ಹೂ ಸಿಂಹ ಮನುಷ್ಯ ಏನನ್ನಾದರೂ ಕೆತ್ತಬಹುದು. ಇಟ್ಟಿಗೆಯನ್ನು ಹಾಗೆ ಕೆತ್ತಲು ಹೋದರೆ ಪುಡಿಯಾಗುವದು. ಆದರೆ ಇಟ್ಟಿಗೆಯನ್ನು ಜೋಡಿಸಬಹುದು. ಗೋಡೆಯ ಮೇಲ್ಭಾಗದಲ್ಲಿ ಕಿಟಕಿಗಳ ಮಗ್ಗುಲಲ್ಲಿ ಅದೇ ಆಕಾರದ ಕುರುಡು ಗೂಡುಗಳನ್ನು ಬಿಟ್ಟು, ಅವುಗಳ ಒಳಮೈಯಲ್ಲಿ ಇಟ್ಟಿಗೆಗಳನ್ನು ಮೀನಿನ ಮುಳ್ಳಿನಂತೆ ಓರೆಯಾಗಿಯೂ, ಚಾಪೆಯ ಹೆಣಿಗೆಯಂತೆ ಅಡ್ಡದಿಡ್ಡವಾಗಿಯೂ ಇಟ್ಟರು. ಕಮಾನುಗಳ ಅಂಚಿಗೆ ದುಂಡಗಿನ ಅಚ್ಚಿನಲ್ಲಿ ಹೊಯ್ದ ಇಟ್ಟಿಗೆಗಳನ್ನು ಒಂದರ ಮೇಲೊಂದು ಏರಿಸಿದಾಗ ಅದು ಗೋಡೆಯ ಮೇಲೆ ಕೋಲನ್ನು ನಿಲ್ಲಿಸಿದ ಹಾಗೆ ಕಾಣುತ್ತದೆ. ಬೆಳಿಗ್ಗೆಯೂ ಸಂಜೆಯೂ ಬಿಸಿಲು ಓರೆಯಾಗಿ ಬಿದ್ದಾಗ ಇಂಥ ಗೋಡೆಯು ನೇಯ್ದ ಕಂಬಳಿಯ ಹಾಗೆ ತೋರುವದು. ಸ್ಟೇದುಮ್, ಟೆನ್ ಬೂರ್, ಗಾರ್ಮರ್‌ವೋಲ್ಡ್, ಸೌತ್‌ಬ್ರೂಕ್ ಎಂಬ ಊರುಗಳಲ್ಲಿ ಇದರ ಒಳ್ಳೆಯ ಮಾದರಿಗಳಿರುವವು. ಟೆನ್ ಬೂರಿನದು ಸನ್ಯಾಸಿನಿಯರ ಮಠಕ್ಕೆ ಸೇರಿದ್ದ ದೇವಾಲಯ. ಕ್ರೇವೆರ್ಡ್ ಎಂಬ ಬಹು ಚಿಕ್ಕ ಊರಿನಲ್ಲಿಯಾದರೋ ದೇವಾಲಯದೊಳಗಿನ ಅಟ್ಟವನ್ನು ಸಹ ಇಟ್ಟಿಗೆಯಿಂದಲೇ ಕಟ್ಟಿದ್ದಾರೆ; ಅದರ ಮೇಲೆ 1531ರಲ್ಲಿ ಮಾಡಿದ ಆರ್ಗನ್ ವಾದ್ಯವು ಇನ್ನೂ ನುಡಿಯುತ್ತದೆ.

ಗಂಟೆಗೋಪುರಗಳನ್ನು ನೋಡಿದರೆ ನೆಲದ ಭಯವು ಎದ್ದು ಕಾಣುವದು. ಅನೇಕ ಊರುಗಳಲ್ಲಿ ಗೋಪುರವು ದೇವಾಲಯಕ್ಕೆ ಅಂಟಿಕೊಂಡಿಲ್ಲ, ಕೆಲವು ಮಾರು ದೂರದಲ್ಲಿ ಒಂಟಿಯಾಗಿ ನಿಂತಿದೆ. ಗೋಪುರವು ಸಣ್ಣ ಜಾಗದಲ್ಲಿ ಬಹಳ ಭಾರವನ್ನು ಹಾಕುವದರಿಂದ ಅದು ದೇವಾಲಯಕ್ಕಿಂತ ಹೆಚ್ಚಾಗಿ ಕುಸಿಯುತ್ತದೆ. ಎರಡನ್ನೂ ಕೂಡಿಸಿ ಕಟ್ಟಿದರೆ ಕುಸಿಯುವ ಗೋಪುರವು ಗೋಡೆಯನ್ನು ಹರಿಯುವದು. ಈ ಮಾತನ್ನು ಮರೆತವರೂ ಇದ್ದರು. ಬಿಯೆರುಮ್ ಎಂಬಲ್ಲಿ ಗೋಪುರವು ವಾಲತೊಡಗಿದ್ದರಿಂದ ಅದಕ್ಕೆ ಹೊರಗಿನಿಂದ ದೊಡ್ಡದೊಂದು ಆನೆಯನ್ನು ಕೊಡಬೇಕಾಯಿತು. ಬೇಡುಮ್‌ನ ಗೋಪುರವು ಇಂದಿಗೂ ವಾಲಿಕೊಂಡೇ ಇದೆ. ಗಾರ್ಮರ್‌ವೋಲ್ಡ್‌ನಲ್ಲಿ ದೂರ ನಿಂತ ಗೋಪುರಕ್ಕೆ ಏನೂ ಆಗಲಿಲ್ಲ. ದೇವಾಲಯದ ಮುಂಭಾಗವೇ ಜೀರ್ಣವಾಗಿ 1859ರಲ್ಲಿ ಅದನ್ನು ಕೆಡವಿದ್ದರಿಂದ, ಈಗ ಪೂರ್ವಭಾಗವೂ ಗೋಪುರವೂ ನಡುವೆ ಹುಲ್ಲುಬೈಲನ್ನಿಟ್ಟುಕೊಂಡು ಒಂದನ್ನೊಂದು ನೋಡುತ್ತಾ ನಿಂತಿವೆ.

ಡಚ್ಚರ ದೇಶದ ಬೇರೆ ಸೀಮೆಗಳಲ್ಲಿಯೂ ಇಟ್ಟಿಗೆಯ ಗಾಥಿಕ್ ಕಟ್ಟಡಗಳು ಉಂಟು, ಆದರೆ ರೀತಿ ಬೇರೆ. ಪಶ್ಚಿಮದ ಹಾಲೆಂಡ್ ಸೀಮೆಯ ಪಟ್ಟಣಗಳಲ್ಲಿ ಅತಿ ದೊಡ್ಡ ದೇವಾಲಯಗಳನ್ನು ಕಟ್ಟಿ, ನೆಲಕ್ಕೆ ಭಾರವಾಗದಂತೆ ಮೇಲೆ ಮರದ ಚಾವಣಿಗಳನ್ನು ಹಾಕಿದರು. ಹಾರ್ಲೆಮ್ ಪಟ್ಟಣದ ಮಹಾದೇವಾಲಯವು ಇದಕ್ಕೆ ದೃಷ್ಟಾಂತ. ದಕ್ಷಿಣದ ಬ್ರಬಾಂತ್ ಸೀಮೆಯಲ್ಲಿ 15ನೆಯ ಶತಮಾನದಲ್ಲಿ ಇಟ್ಟಿಗೆಯ ನಡುನಡುವೆ ಬಿಳಿಕಲ್ಲಿನ ಪಟ್ಟಿಗಳನ್ನಿಟ್ಟು ಎತ್ತರವಾದ ಗೋಪುರಗಳನ್ನೆಬ್ಬಿಸಿದರು. ಹಿಲ್ವಾರನ್‌ಬೇಕ್ ಊರಿನ ಗೋಪುರವು ಅವುಗಳಲ್ಲಿ ಪ್ರಸಿದ್ಧವಾದದ್ದು. ಅವುಗಳನ್ನು ಇನ್ನೊಂದು ಸಾರಿ ನೋಡಬಹುದು.

ಗ್ರೋನಿಂಗನ್ ಪಟ್ಟಣವು 1594ರಲ್ಲಿ ಮಾರಿಸ್ ರಾಜಪುತ್ರನ ಸೈನ್ಯಕ್ಕೆ ವಶವಾದ ಮೇಲೆ ಹಳ್ಳಿಯ ದೇವಾಲಯಗಳು ಸುಧಾರಿತ ಸಭೆಗೆ ಬಂದವು. ಬಲಿಪೀಠಗಳನ್ನು ತೆಗೆದು ಪ್ರಸಂಗಪೀಠಗಳನ್ನು ಇಟ್ಟರು. ಚಾವಣಿಗಳ ಮೇಲಿದ್ದ ಚಿತ್ರಗಳಿಗೆ ಸುಣ್ಣ ಬಳಿದರು. ಆ ಚಿತ್ರಗಳು ಸತ್ಯವೇದದ ಕಥೆಗಳು ಮಾತ್ರವಲ್ಲ. ಝೇರೈಪ್ ಊರಿನ ದೇವಾಲಯದಲ್ಲಿ ಚಾವಣಿಯ ಮೇಲೆ ಇಟ್ಟಿಗೆಯ ಜೋಡಣೆಗಳನ್ನೇ ಬಣ್ಣದಿಂದ ಬರೆದಿದ್ದರು. ನಿಜವಾದ ಇಟ್ಟಿಗೆಯ ಮೇಲೆ ಗಿಲಾವು ಮಾಡಿ, ಅದರ ಮೇಲೆ ಅದಕ್ಕಿಂತ ಅಂದವಾದ ಇಟ್ಟಿಗೆಗಳ ಚಿತ್ರವನ್ನು ಬರೆದ ಆ ಚಿತ್ರಕಾರನನ್ನು ನೆನಸಿದರೆ ನಗು ಬರುತ್ತದೆ. ನಮ್ಮ ಮತಸುಧಾರಕರು ಸುಣ್ಣ ಬಳಿದದ್ದನ್ನು ಕೆಲವರು ಬಹಳ ನಿಂದಿಸುವರು. ಅವರ ಉದ್ದೇಶವು ಚಿತ್ರಗಳನ್ನು ಕಾಪಾಡುವದಾಗಿರಲಿಲ್ಲವೆಂಬದು ನಿಜ. ಆದರೆ ಆ ಸುಣ್ಣದ ಕೆಳಗೆ ಮುಚ್ಚಿಹೋದದ್ದರಿಂದಲೇ ಅನೇಕ ಚಿತ್ರಗಳು ಹೊಗೆಗೂ ಕೈಗಳಿಗೂ ಸಿಕ್ಕದೆ ಉಳಿದು, ಈಚಿನ ಜೀರ್ಣೋದ್ಧಾರಗಳಲ್ಲಿ ತಿರಿಗಿ ಬೆಳಕಿಗೆ ಬಂದವು. ಸ್ಟೇದುಮ್‌ನಲ್ಲಿ ಕೌಪರ್ಸ್ ಎಂಬ ಪ್ರಸಿದ್ಧ ಶಿಲ್ಪಿಯು 19ನೆಯ ಶತಮಾನದಲ್ಲಿಯೇ ಈ ಕೆಲಸವನ್ನು ನಡಿಸಿದನು. ಸುಧಾರಣೆಯ ಮೇಲೆ ಬಂದ ಸಭೆಗಳು ಬರೇ ಬೋಳುಗೋಡೆಗಳನ್ನಿಟ್ಟುಕೊಂಡು ಕೂತುಕೊಳ್ಳಲಿಲ್ಲ. ಝೇರೈಪ್‌ನ ಸಭೆಗೆ 1651ರಲ್ಲಿ ಥಿಯೊಡೋರಸ್ ಫಾಬರ್ ಎಂಬವನು ಮಾಡಿದ ಆರ್ಗನ್ ಬಂತು.

ಊರಿನ ನೆಲಕ್ಕೆ ಬೆಲೆ ಬಂದಾಗ ಏನಾಗುವದೆಂಬದಕ್ಕೆ ಅಲ್ಲಿ ಒಂದು ಹಳೆಯ ಉದಾಹರಣೆ ಉಂಟು. 19ನೆಯ ಶತಮಾನದಲ್ಲಿಯೂ 20ನೆಯದರ ಆರಂಭದಲ್ಲಿಯೂ ವೀರ್ಡ ದಿಬ್ಬಗಳ ಮಣ್ಣು ಗೊಬ್ಬರದಂತೆ ಸಾರವುಳ್ಳದ್ದೆಂದು ಕಂಡುಬಂದದ್ದರಿಂದ, ಎಷ್ಟೋ ದಿಬ್ಬಗಳನ್ನು ಅಗೆದು ದೋಣಿಗಳಲ್ಲಿ ತುಂಬಿ ಬಡವಾದ ಹೊಲಗಳಿಗೆ ಮಾರಿದರು. ದೇವಾಲಯವನ್ನೂ ಸಮಾಧಿಗಳನ್ನೂ ಮುಟ್ಟಲಾರದೆ ಅಲ್ಲಿಗೆ ನಿಲ್ಲಿಸಿದರು. ಆದಕಾರಣ ಕೆಲವು ಊರುಗಳಲ್ಲಿ ದಿಬ್ಬದ ಒಂದು ಮಗ್ಗುಲು ಗೋಡೆಯಂತೆ ಕಡಿದುಹೋಗಿರುವದನ್ನು ಈಗಲೂ ನೋಡಬಹುದು. ಎರಡು ಸಾವಿರ ವರುಷಗಳಲ್ಲಿ ಕೂಡಿಸಿದ ನೆಲವನ್ನು ಕೆಲವೇ ವರುಷಗಳಲ್ಲಿ ಮಾರಿಬಿಟ್ಟರು.

ಎರಡನೆಯ ಸಾರಿ ಅಗೆದದ್ದು ಇದಕ್ಕಿಂತ ಬಹಳ ಆಳದಲ್ಲಿ. 1959ರ ಜುಲೈ ತಿಂಗಳಲ್ಲಿ ಸ್ಲೋಕ್ತರನ್ ಎಂಬ ಊರಿನ ಬಳಿಯ ಹೊಲದಲ್ಲಿ ಕೊರೆದ ಬಾವಿಯಿಂದ ಉರಿಯುವ ಅನಿಲವು ಹೊರಟಿತು. ಸುಮಾರು 3 ಕಿಲೋಮೀಟರು ಕೆಳಗೆ, ಮರಳುಕಲ್ಲಿನ ಸೂಕ್ಷ್ಮವಾದ ರಂಧ್ರಗಳಲ್ಲಿ, ಲೋಕದ ಅತಿ ದೊಡ್ಡ ಅನಿಲದ ನಿಧಿಗಳಲ್ಲಿ ಒಂದು ಅಡಗಿತ್ತು. 1963ರಿಂದ ಅದನ್ನು ತೆಗೆಯತೊಡಗಿದರು. ಡಚ್ಚರ ಮನೆಗಳೆಲ್ಲಾ ಅದರಿಂದ ಬೆಚ್ಚಗಾದವು. ಸರಕಾರಕ್ಕೆ ಬಂದ ಹಣವು ಒಟ್ಟಿಗೆ 36,000 ಕೋಟಿ ಯೂರೋಗಳಿಗೂ ಮೇಲೆ. ಆದರೆ ರಂಧ್ರಗಳಲ್ಲಿದ್ದ ಅನಿಲದ ಒತ್ತಡವು ಕಡಿಮೆಯಾದಂತೆ ಮರಳುಕಲ್ಲು ಮೇಲಿನ ಭಾರಕ್ಕೆ ಕುಗ್ಗುತ್ತದೆ. ಮೇಲಣ ನೆಲವು ಮೆಲ್ಲಗೆ ಇಳಿಯುತ್ತದೆ. ಕಲ್ಲಿನಲ್ಲಿರುವ ಹಳೆಯ ಬಿರುಕುಗಳ ಎರಡು ಮಗ್ಗುಲುಗಳು ಒಮ್ಮೆಗೇ ಜಾರಿದಾಗ ಭೂಕಂಪವಾಗುತ್ತದೆ. ಆ ಅನಿಲದ ಪ್ರದೇಶದಲ್ಲಿ ಇಂಥ ಮೊದಲ ಕಂಪನವನ್ನು 1991ರಲ್ಲಿ ಗುರುತಿಸಿದರು. 2012ರ ಆಗಸ್ಟ್ 16ರಂದು ಹಾಯ್ಜಿಂಗೆ ಎಂಬ ಊರಿನಲ್ಲಿ 3.6 ಪ್ರಮಾಣದ ಕಂಪನವಾಯಿತು. ಅದೇ ಆ ಪ್ರದೇಶದಲ್ಲಿ ಈ ವರೆಗೆ ಅತಿ ದೊಡ್ಡದು. 2018ರ ಜನವರಿ 8ರಂದು ನಾವು ಮೇಲೆ ಹೇಳಿದ ಝೇರೈಪ್‌ನಲ್ಲಿ 3.4 ಪ್ರಮಾಣದ್ದು.

ಭೂಕಂಪದ ಲೆಕ್ಕ ಬಲ್ಲ ವಾಚಕರು, 3.6 ಎಂಬದು ದೊಡ್ಡದೇನು ಎಂದು ಕೇಳಬಹುದು. ಹಿಮಾಲಯದಲ್ಲಿ ಅಂಥದ್ದು ಆದರೆ ದನಗಳು ಸಹ ತಲೆಯೆತ್ತಲಿಕ್ಕಿಲ್ಲ. ಆದರೆ ಇಲ್ಲಿ ಕಂಪನವು ಹುಟ್ಟುವದು ಬಹಳ ಮೇಲೆ, ಸುಮಾರು 3 ಕಿಲೋಮೀಟರಿನಲ್ಲಿಯೇ. ಮೇಲಿರುವ ಮೆತ್ತನೆಯ ಜೇಡಿಯು ತಟ್ಟೆಯಲ್ಲಿಟ್ಟ ಗಂಜಿಯ ಹಾಗೆ ಅಲುಗಿ ಅದನ್ನು ಹೆಚ್ಚಿಸುತ್ತದೆ. ಇಟ್ಟಿಗೆಯ ಗೋಡೆಯು ಮೇಲಿನಿಂದ ಬರುವ ಭಾರವನ್ನು ಎಷ್ಟೆಂದರೂ ತಾಳುವದು, ಮಗ್ಗುಲಿಂದ ಎಳೆಯುವ ಬಲವನ್ನು ತಾಳುವದಿಲ್ಲ. ಎರಡು ಪದರಗಳ ನಡುವೆ ಚೂರು ತುಂಬಿದ ಗೋಡೆಯಂತೂ ಅಲುಗಿದರೆ ಪದರಗಳು ಬೇರೆಯಾಗಬಹುದು. ಗೋಡೆಗಳು ಕೂದಲೆಳೆಯಷ್ಟು ಹೊರಕ್ಕೆ ಸರಿದರೂ ಅವುಗಳ ಮೇಲೆ ನಿಂತ ಕರಬೂಜದ ಚಾವಣಿಯು ನೆತ್ತಿಯಲ್ಲಿ ಬಾಯಿಬಿಡುತ್ತದೆ. ಏಳು ನೂರು ವರುಷಗಳಲ್ಲಿ ನೆಲವು ಮೆಲ್ಲನೆ ಕುಸಿದಾಗಲೆಲ್ಲಾ ಈ ಕಟ್ಟಡಗಳು ತಾವೂ ಮೆಲ್ಲನೆ ಬಾಗಿ ಹೊಂದಿಕೊಂಡವು, ಯಾಕಂದರೆ ಚಿಪ್ಪಿನ ಸುಣ್ಣದ ಗಾರೆಯು ಮೆತ್ತಗಾದದ್ದು, ಸ್ವಲ್ಪ ಸರಿಯುವದಕ್ಕೆ ಎಡೆಗೊಡುವದು. ಒಂದೇ ಕ್ಷಣದ ಅಲುಗಾಟಕ್ಕೆ ಹೊಂದಿಕೊಳ್ಳುವದಕ್ಕೆ ಅವುಗಳಿಗೆ ಸಮಯವಿರಲಿಲ್ಲ.

ದೇವಾಲಯಗಳಿಗಿಂತ ಮನೆಗಳ ಕಷ್ಟ ದೊಡ್ಡದೆಂಬದನ್ನು ಹೇಳದೆ ಬಿಡಕೂಡದು. ಲಕ್ಷಕ್ಕೂ ಹೆಚ್ಚು ಹಾನಿಯ ದೂರುಗಳು ದಾಖಲಾದವು. ಬಿರುಕು ಹಳೆಯದೋ ಹೊಸದೋ, ನೆಲದ ಕುಸಿತದಿಂದಾದದ್ದೋ ಕಂಪನದಿಂದಾದದ್ದೋ ಎಂದು ವಾದಿಸುತ್ತಾ ಜನರು ವರುಷಗಟ್ಟಲೆ ಕಾದರು. ಆಧಾರದ ಮರಗಳನ್ನು ಗೋಡೆಗೆ ಕೊಟ್ಟುಕೊಂಡು ಅದೇ ಮನೆಗಳಲ್ಲಿ ಮಲಗಿದರು. 2023ರ ಫೆಬ್ರವರಿಯಲ್ಲಿ ಆ ದೇಶದ ಪಾರ್ಲಿಮೆಂಟಿನ ವಿಚಾರಣಾ ಮಂಡಲಿಯು, ಗ್ರೋನಿಂಗನ್ ನಿವಾಸಿಗಳ ಹಿತವನ್ನು ಬಹುಕಾಲ ಅಲಕ್ಷ್ಯಮಾಡಲಾಯಿತೆಂದು ಬಹಿರಂಗವಾಗಿ ತೀರ್ಮಾನಿಸಿತು. 2023ರ ಅಕ್ಟೋಬರ್ 1ರಂದು ಅನಿಲ ತೆಗೆಯುವದನ್ನು ನಿಲ್ಲಿಸಿದರು. 2024ರ ಎಪ್ರಿಲಿನಲ್ಲಿ ಅದನ್ನು ಶಾಶ್ವತವಾಗಿ ಮುಚ್ಚುವ ಕಾನೂನು ಜಾರಿಗೆ ಬಂತು. ಆದರೆ ಆಳದಲ್ಲಿ ಒತ್ತಡಗಳು ಸಮವಾಗುವ ವರೆಗೆ ಇನ್ನೂ ಅನೇಕ ವರುಷ ಸಣ್ಣ ಕಂಪನಗಳು ಆಗುತ್ತಲೇ ಇರುವವೆಂದು ಬಲ್ಲವರು ಹೇಳುತ್ತಾರೆ.

ಹಾಗಾದರೆ ಈ ದೇವಾಲಯಗಳನ್ನು ನೋಡಿಕೊಳ್ಳುವವರು ಯಾರು? ಹಳ್ಳಿಗಳಲ್ಲಿ ಸಭೆಗಳು ಕುಗ್ಗಿಹೋಗಿ, ಮಾಡಿನ ಹೆಂಚನ್ನು ಬದಲಿಸುವದಕ್ಕೂ ಹಣವಿಲ್ಲದ ಸ್ಥಿತಿಯು ಅನಿಲದ ತೊಂದರೆಗೆ ಮುಂಚೆಯೇ ಬಂದಿತ್ತು. ಇದನ್ನು ನೋಡಿ 1969ರಲ್ಲಿ ಕೆಲವರು ಹಳೆಯ ಗ್ರೋನಿಂಗನ್ ದೇವಾಲಯಗಳ ರಕ್ಷಣೆಗಾಗಿ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಸಾಕಲಾರದ ಸಭೆಯಿಂದ ಅದು ಕಟ್ಟಡವನ್ನು ವಹಿಸಿಕೊಳ್ಳುತ್ತದೆ; ಆಯಾ ಊರಿನವರೇ ಸೇರಿದ ಚಿಕ್ಕ ಮಂಡಲಿಯು ಬೀಗದ ಕೈ ಇಟ್ಟುಕೊಂಡು ನೋಡಿಕೊಳ್ಳುತ್ತದೆ. ಈಗ ಸುಮಾರು 100 ದೇವಾಲಯಗಳು ಅದರ ಕೈಯಲ್ಲಿವೆ. ಕೆಲವುಗಳಲ್ಲಿ ಆರಾಧನೆಯು ಮುಂಚಿನಂತೆಯೇ ನಡೆಯುತ್ತದೆ, ಕೆಲವುಗಳಲ್ಲಿ ಗಾಯನ, ಕೂಟ, ಮದುವೆಗಳು ನಡೆಯುತ್ತವೆ. ಆರಾಧನೆಯಿಲ್ಲದ ದೇವಾಲಯವನ್ನು ಕಾಪಾಡಿ ಫಲವೇನು ಎಂದು ನಮ್ಮವರಲ್ಲಿ ಕೆಲವರು ಕೇಳಬಹುದು. ಆ ಪ್ರಶ್ನೆಯನ್ನು ಅಲ್ಲಿಯ ಊರವರೂ ಕೇಳಿಕೊಂಡೇ ಇದ್ದಾರೆ. ತಮ್ಮ ಹಿರಿಯರ ಸಮಾಧಿಗಳ ನಡುವೆ ನಿಂತ ಗೋಡೆಯನ್ನು ಬೀಳಬಿಡಲು ಅವರಿಗೆ ಮನಸ್ಸಾಗಲಿಲ್ಲ.

ದುರಸ್ತಿಯ ಕೆಲಸದಲ್ಲಿ ಕಲಿತದ್ದನ್ನು ನಮ್ಮ ಸಭಾಹಿರಿಯರಿಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕಂದರೆ ಸುಣ್ಣದ ಗಾರೆಯಿಂದ ಕಟ್ಟಿದ ಹಳೆಯ ದೇವಾಲಯಗಳೂ ಶಾಲೆಗಳೂ ನಮ್ಮಲ್ಲಿಯೂ ಉಂಟು. ಬಿರುಕು ಕಂಡ ಕೂಡಲೇ ಅದಕ್ಕೆ ಸಿಮೆಂಟನ್ನು ತುಂಬುವದು ಸಾಮಾನ್ಯವಾದ ಅಭ್ಯಾಸ. 20ನೆಯ ಶತಮಾನದಲ್ಲಿ ಡಚ್ಚರು ಸಹ ಹಾಗೆಯೇ ಮಾಡಿದರು. ಆದರೆ ಸಿಮೆಂಟು ಹಳೆಯ ಇಟ್ಟಿಗೆಗಿಂತ ಗಡಸು. ಗೋಡೆಯು ಅಲುಗಿದಾಗ ಸಿಮೆಂಟು ಬಗ್ಗುವದಿಲ್ಲ, ಇಟ್ಟಿಗೆಯೇ ಒಡೆಯುತ್ತದೆ. ಗೋಡೆಯೊಳಗಿನ ತೇವವು ಸುಣ್ಣದ ಸಂದಿನ ಮೂಲಕ ಹೊರಗೆ ಆರಿಹೋಗುತ್ತಿದ್ದದ್ದು ಸಿಮೆಂಟಿನಿಂದ ತಡೆಯಲ್ಪಟ್ಟು ಇಟ್ಟಿಗೆಯೊಳಗೇ ನಿಂತು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಇಟ್ಟಿಗೆಯ ಮುಖವನ್ನು ಪದರಪದರವಾಗಿ ಉದುರಿಸುತ್ತದೆ. ನಮ್ಮಲ್ಲಿ ಹೆಪ್ಪುಗಟ್ಟುವ ಚಳಿಯಿಲ್ಲದಿದ್ದರೂ ಮಳೆಗಾಲದ ತೇವವೂ ಉಪ್ಪೂ ಇದೇ ಕೇಡನ್ನು ಮಾಡುವವು. ಆದ್ದರಿಂದ ಈಗ ಹಳೆಯ ಗೋಡೆಗಳನ್ನು ಬಲ್ಲ ಮೇಸ್ತ್ರಿಗಳು ಗಡಸಾದ ಸಿಮೆಂಟನ್ನು ಕೆರೆದು ತೆಗೆದು, ಸುಣ್ಣದ ಗಾರೆಯನ್ನೇ ತುಂಬುತ್ತಾರೆ. ಗೋಡೆಗಳು ಹೊರಕ್ಕೆ ಸರಿಯುವಲ್ಲಿ ಒಂದು ಗೋಡೆಯಿಂದ ಇನ್ನೊಂದಕ್ಕೆ ಕಬ್ಬಿಣದ ಸಲಾಕೆಯನ್ನು ಹಾಕಿ ಹಿಡಿಸುವದೂ ಉಂಟು. ಇದೂ ಹೊಸದಲ್ಲ, ಹಿಂದಿನವರು ಅದೇ ಕೆಲಸಕ್ಕೆ ಮರದ ತೊಲೆಗಳನ್ನು ಅಡ್ಡ ಹಾಕುತ್ತಿದ್ದರು. ಬಿರುಕಿನ ಎರಡು ಮಗ್ಗುಲಿಗೂ ಗುರುತಿಟ್ಟು, ಅದು ಬೆಳೆಯುತ್ತದೋ ನಿಂತಿದೆಯೋ ಎಂದು ತಿಂಗಳು ತಿಂಗಳು ಅಳೆದು ಬರೆದಿಟ್ಟ ಮೇಲೆಯೇ ಕೈಹಾಕಬೇಕು. ಬೆಳೆಯುತ್ತಿರುವ ಬಿರುಕನ್ನು ತುಂಬಿದರೆ ಅದು ಪಕ್ಕದಲ್ಲಿ ಹೊಸದಾಗಿ ಬಾಯಿಬಿಡುವದು.